ಹಿಂದಿನ ಸೀಟಿನವಳ ಪರವಾಗಿ ಕ್ಲಚ್ಚಕ್ಕ

ಕ್ಲಚ್ಚಕ್ಕನಿಗೆ ಆ ಹೆಸರು ಬಂದದ್ದು ಅವಳ ಬಾಯಿಂದಲೇ. ಬೆಳಗ್ಗೆ ಹಾಲಿನ ಅಂಗಡಿ ಬಾಗಿಲು ತೆಗೆಯುವ ಹೊತ್ತಿಗೆ ಅವಳ ಬಿಳಿ ಕಾರು ನಮ್ಮ ಬೀದಿಯಲ್ಲಿ ಕಪ್ಪೆಯ ಹಾಗೆ ಕುಪ್ಪಳಿಸುತ್ತ ಸಾಗುತ್ತಿತ್ತು. ಸ್ಟೀರಿಂಗ್ ಹಿಡಿದವರ ಮುಖ ಬಿಳಿಚಿಕೊಂಡಿರುತ್ತಿತ್ತು. ಪಕ್ಕದ ಕಿಟಕಿಯಿಂದ ಅವಳ ದನಿ ಇಡೀ ಬೀದಿಗೆ ಕೇಳುತ್ತಿತ್ತು: “ಕ್ಲಚ್ಚು, ಕ್ಲಚ್ಚು! ಈಗ ಬಿಡು. ನಿಧಾನ... ಅಯ್ಯೋ, ನಿಧಾನ ಅಂದ್ರೆ ನಿದ್ದೆ ಹೋಗು ಅಂತಲ್ಲಪ್ಪ!”

ಅವಳ ಡ್ರೈವಿಂಗ್ ಸ್ಕೂಲು ಕನ್ನಡಕದ ಅಂಗಡಿಯ ಮಹಡಿಯ ಮೇಲಿತ್ತು. ಒಂದು ಮೇಜು, ಗೋಡೆಗೆ ರಸ್ತೆ ಚಿಹ್ನೆಗಳ ಪಟ, ಮೂಲೆಯಲ್ಲಿ ಪಾಠಕ್ಕೆಂದು ಬಿಚ್ಚಿಟ್ಟ ಗೇರ್ ಬಾಕ್ಸು. ಕೆಳಗಿನ ಅಂಗಡಿಯವನಿಗೂ ಅವಳಿಗೂ ಒಂದು ಒಳಒಪ್ಪಂದವಿತ್ತು. ಎದುರಿನ ಕಾರಿನ ನಂಬರ್ ಓದಲಾಗದವರನ್ನು ಇವಳು ಕೆಳಗೆ ಕಳಿಸುತ್ತಿದ್ದಳು. ಹೊಸ ಕನ್ನಡಕ ಹಾಕಿಕೊಂಡು ಧೈರ್ಯ ಬಂದವರನ್ನು ಅವನು ಮೇಲೆ ಹತ್ತಿಸುತ್ತಿದ್ದ. ನಾನೂ ಹಾಗೆ ಕೆಳಗಿನಿಂದ ಮೇಲೆ ಹತ್ತಿದವನೇ. ನಾಲ್ಕು ಜನರ ಮುಂದೆ ಬಾಯಿ ಬಿಡಲು ಅಂಜುವ ನಾನು ಇವತ್ತು ಗಿಜಿಗುಡುವ ಸರ್ಕಲ್‌ಗಳಲ್ಲಿ ನಿರಾಳವಾಗಿ ಕಾರು ತಿರುಗಿಸುತ್ತೇನೆಂದರೆ ಅದು ಅವಳಿಂದ. ಅವಳ ಕಾರಿನಲ್ಲಿ ಅವಳ ಕಾಲ ಬುಡದಲ್ಲೂ ಒಂದು ಬ್ರೇಕು, ಒಂದು ಕ್ಲಚ್ಚು ಇದ್ದವು. ಅವನ್ನು ಅವಳು ಮುಟ್ಟುತ್ತಿದ್ದದ್ದು ಬಲು ಅಪರೂಪ. “ನಾನು ಒತ್ತುತ್ತಾ ಕೂತ್ರೆ ನೀನು ಕಲಿಯೋದು ಡ್ರೈವಿಂಗ್ ಅಲ್ಲ, ನನ್ನ ಕಾಲನ್ನ ನಂಬೋದು,” ಅನ್ನುತ್ತಿದ್ದಳು.

ಮನೆಯಲ್ಲಿ ಮಾತ್ರ ಅವಳ ದನಿ ಅಷ್ಟು ದೊಡ್ಡದಾಗಿರಲಿಲ್ಲ. ಗಂಡ ಗ್ರಂಥಾಲಯದಲ್ಲಿ ಕೆಲಸಕ್ಕಿದ್ದರು. ಮೂರು ಪ್ರಶ್ನೆ ಕೇಳಿದರೆ ಒಂದಕ್ಕೆ ಉತ್ತರ ಕೊಡುವ ಮನುಷ್ಯ. ಅತ್ತೆಗೆ ಸೊಸೆಯ ಕೆಲಸ ಮೊದಲಿನಿಂದಲೂ ಹಿಡಿಸಿರಲಿಲ್ಲ. “ಕಂಡಕಂಡವರ ಪಕ್ಕ ಕೂತು ಊರು ಸುತ್ತೋದು ಒಂದು ಕೆಲಸಾನಾ?” ಎಂದು ಮದುವೆಯಾದ ವರ್ಷ ಒಮ್ಮೆ ಅಂದಿದ್ದರು. ಆ ಮಾತನ್ನು ಅವರು ಮತ್ತೆ ಎತ್ತಲಿಲ್ಲ, ಸೊಸೆ ಮರೆಯಲಿಲ್ಲ. ಅದಾದ ಮೇಲೆ ಒಂದೇ ಅಡಿಗೆಮನೆಯಲ್ಲಿ ಇಬ್ಬರೂ ವರ್ಷಗಟ್ಟಲೆ ಉಪ್ಪು, ಗ್ಯಾಸು, ಹಾಲು ಎಂಬಷ್ಟೇ ಮಾತಾಡಿಕೊಂಡು ಕಾಲ ಹಾಕಿದರು. ಜಗಳವಾಡಿದ್ದರೆ ಎಷ್ಟೋ ವಾಸಿಯಿತ್ತು.

ಮಾವ ತೀರಿಕೊಂಡ ಮೇಲೆ ಅವರ ಹಳೇ ನೀಲಿ ಕಾರು ಶೆಡ್ಡಿನಲ್ಲಿ ಮುಸುಕು ಹೊದ್ದು ನಿಂತಿತ್ತು. ಮಾರುವ ಮಾತು ಬಂದ ದಿನ ಬೆಳಗ್ಗೆ ಅತ್ತೆ ಕೈಯಲ್ಲಿ ಅದರ ಬೀಗದ ಕೈ ಹಿಡಿದುಕೊಂಡು ಸೊಸೆಯ ಕೋಣೆಯ ಬಾಗಿಲಲ್ಲಿ ನಿಂತರು.

“ನಂಗೂ ಕಲಿಸು,” ಅಂದರು.

“ಏನು ಕಲಿಸಲಿ ಅತ್ತೆ?”

“ಇನ್ನೇನು ಕಲಿಸ್ತೀಯ ನೀನು? ಹಾಡಾ? ಇಷ್ಟು ವರ್ಷ ಅವರ ಪಕ್ಕದ ಸೀಟಲ್ಲಿ ಕೂತು ಕೂತು ಸಾಕಾಗಿದೆ. ಆ ಕಡೆ ಕೂತ್ರೆ ರಸ್ತೆ ಹೇಗೆ ಕಾಣುತ್ತೆ ಅಂತ ನೋಡ್ಬೇಕು.”

ಸೊಸೆ ಒಪ್ಪಿದಳು, ನೀಲಿ ಕಾರಿನಲ್ಲೂ ಪಕ್ಕದ ಸೀಟಿನ ಕಾಲ ಬುಡಕ್ಕೆ ಒಂದು ಬ್ರೇಕು ಹಾಕಿಸಿದಳು. ಆದರೆ ಅತ್ತೆ ಒಂದು ಷರತ್ತು ಹಾಕಿದರು: ಕಾರಿನಲ್ಲಿ ಇಬ್ಬರೇ ಇರುವುದು ಬೇಡ, ಹಿಂದೆ ಯಾರಾದರೂ ಒಬ್ಬರು ಇರಲಿ. ಹೊರಗಿನವರು ಕುಳಿತಿದ್ದರೆ ಸೊಸೆ ಬೈಯಲಾರಳು ಎಂಬುದು ಅವರ ಲೆಕ್ಕ.

ಹೀಗೆ ಹಿಂದಿನ ಸೀಟಿಗೆ ಬಂದವಳೇ ನಮ್ಮ ನಿರ್ದೇಶಕಿ. ಆಗ ಅವಳು ಇನ್ನೂ ನಿರ್ದೇಶಕಿಯಾಗಿರಲಿಲ್ಲ. ಸೋಫಾ, ಮಂಚ ಮಾರುವ ಅಂಗಡಿಗಳ ಜಾಹೀರಾತುಗಳನ್ನು ಕಂಪ್ಯೂಟರಿನ ಮುಂದೆ ಕೂತು ಕತ್ತರಿಸಿ ಜೋಡಿಸುವುದು ಅವಳ ಹೊಟ್ಟೆಪಾಡು. ಡ್ರೈವಿಂಗ್ ಪರೀಕ್ಷೆಯಲ್ಲಿ ನಪಾಸಾಗಿ ಮತ್ತೆ ಸೇರಿದ್ದಳು. ತನ್ನ ಸರದಿ ಬರುವ ತನಕ ಹಿಂದೆ ಕೂತಿರುತ್ತಿದ್ದಳು. ಮಾತು ಕಡಿಮೆ, ಕಣ್ಣು ಚುರುಕು. ಮುಂದೆ ಕೂತ ಅತ್ತೆ ಸೊಸೆಯರು ಮೊದಮೊದಲು ಗೇರು, ಬ್ರೇಕು ಅಷ್ಟನ್ನೇ ಆಡಿದರು. ಆಮೇಲೆ ಒಂದು ದಿನ, ಮುಚ್ಚಿದ ಕಾರ್ಖಾನೆಯ ಹಿಂದಿನ ಮೈದಾನದಲ್ಲಿ, ಅತ್ತೆ ಎಡಕ್ಕೆ ತಿರುಗಬೇಕಾದ ಕಡೆ ಇಂಡಿಕೇಟರ್ ಬದಲು ವೈಪರ್ ಹಾಕಿಬಿಟ್ಟರು. ಬಿರುಬಿಸಿಲು. ಒಣ ಗಾಜಿನ ಮೇಲೆ ವೈಪರ್ ಕಿರ್ರ್ ಕಿರ್ರ್ ಅಂತ ಆಡತೊಡಗಿತು. ಅದನ್ನು ನಿಲ್ಲಿಸುವುದು ಹೇಗೆಂದು ಅತ್ತೆಗೆ ಗೊತ್ತಾಗಲಿಲ್ಲ, ಸೊಸೆ ಹೇಳಲಿಲ್ಲ. ಇಬ್ಬರಿಗೂ ನಗು ಉಕ್ಕಿತು. ನಗುತ್ತ ನಗುತ್ತಲೇ ಅತ್ತೆ ಅತ್ತುಬಿಟ್ಟರು. ಮಾವ ಹೋದ ಮೇಲೆ ಮೊದಲ ಸಲ ಯಾರದೋ ಮುಂದೆ ಅತ್ತದ್ದು. ಆ ದಿನದಿಂದ ಕಾರಿನೊಳಗೆ ಮಾತು ಶುರುವಾಯಿತು, ಆಮೇಲೆ ನಿಧಾನವಾಗಿ ಅಡಿಗೆಮನೆಗೂ ಬಂತು.

ಮುಂದಿನ ವರ್ಷ ಹಿಂದಿನ ಸೀಟಿನವಳು ಇಬ್ಬರನ್ನೂ ಕೂರಿಸಿಕೊಂಡು ಕೇಳಿದಳು: “ನಿಮ್ಮಿಬ್ಬರದ್ದು ಒಂದು ಸಿನಿಮಾ ಮಾಡ್ಲಾ?”

“ನಮ್ಮದೇನು ಸಿನಿಮಾ ಮಾಡ್ತೀಯೇ? ಹಾಡಿಲ್ಲ, ಹೊಡೆದಾಟ ಇಲ್ಲ,” ಅಂದರು ಅತ್ತೆ.

“ಹೊಡೆದಾಟ ಇತ್ತಲ್ಲ ಅಜ್ಜಿ. ಸದ್ದಿಲ್ದೆ ನಡೀತಿತ್ತು, ಅಷ್ಟೆ.”

ಅತ್ತೆ ಸೊಸೆಯ ಮುಖ ನೋಡಿದರು, ಸೊಸೆ ಅತ್ತೆಯ ಮುಖ ನೋಡಿದಳು. ಇಬ್ಬರೂ ಹೂಂ ಅಂದರು.

ಸಾಲದ ಕ್ಯಾಮೆರಾ, ನಾಟಕದ ಇಬ್ಬರು ನಟಿಯರು, ಅದೇ ನೀಲಿ ಕಾರು. ಸಿನಿಮಾಕ್ಕೆ ಹೆಸರು “ಪಕ್ಕದ ಸೀಟು”. ಒಂದೆರಡು ಸಣ್ಣ ಚಿತ್ರೋತ್ಸವಗಳಲ್ಲಿ ಅದು ಓಡಿತು, ನೋಡಿದವರು ಮೆಚ್ಚಿದರು. ನಮ್ಮ ಊರಿನ ಚಿತ್ರ ಸಂಘ ವರ್ಷದ ದೊಡ್ಡ ಪ್ರದರ್ಶನಕ್ಕೆ ಅದನ್ನೇ ಆರಿಸಿಕೊಂಡಿತು. ನಾನು ಆ ಸಂಘದ ಹಳೇ ಸದಸ್ಯ. ಹಾಗಾಗಿ ಮುಂದೆ ನಡೆದದ್ದರಲ್ಲಿ ಅರ್ಧ ಕಣ್ಣಾರೆ ಕಂಡದ್ದು, ಇನ್ನರ್ಧ ಕ್ಲಚ್ಚಕ್ಕನೇ ಹೇಳಿದ್ದು.

ಪ್ರದರ್ಶನ ಹತ್ತಿರ ಬಂದಾಗ ಭೂತಗನ್ನಡಿಯ ಲೇಖನ ಬಂತು. ಭೂತಗನ್ನಡಿ ಎಂದರೆ ಇಲ್ಲಿನ ಸಿನಿಮಾ ವಿಮರ್ಶಕರು. ಯಾರ ಸಿನಿಮಾದಲ್ಲಿ ಯಾವ ತಪ್ಪು ಎಲ್ಲಿದೆ ಎಂದು ಹುಡುಕಿ ತೆಗೆಯುವುದರಲ್ಲಿ ಎತ್ತಿದ ಕೈ, ಅದಕ್ಕೇ ಆ ಹೆಸರು. ಕೆಟ್ಟವರಲ್ಲ. ನೋಡಿದ್ದನ್ನು ಬರೆಯದೆ ಇರಲಾರರು, ಅಷ್ಟೇ. ಅವರು ತಮ್ಮ ಅಂಕಣದಲ್ಲಿ ಎರಡು ಸಿನಿಮಾಗಳ ಚಿತ್ರಗಳನ್ನು ಅಕ್ಕಪಕ್ಕ ಇಟ್ಟಿದ್ದರು. ಒಂದು ಪಕ್ಕದಲ್ಲಿ “ಪಕ್ಕದ ಸೀಟು”. ಇನ್ನೊಂದು ಪಕ್ಕದಲ್ಲಿ ಬಹಳ ವರ್ಷಗಳ ಹಿಂದೆ ದೂರದ ದೇಶವೊಂದರಲ್ಲಿ ಬಂದ ಸಿನಿಮಾ, ಹೆಂಡತಿ ಕಳಕೊಂಡ ಮುದುಕನೊಬ್ಬ ಅಳಿಯನಿಂದ ಕಾರು ಕಲಿಯುವ ಕತೆ. ಇಲ್ಲಿ ಬಿಸಿಲಲ್ಲಿ ವೈಪರ್, ಅಲ್ಲೂ ಬಿಸಿಲಲ್ಲಿ ವೈಪರ್. ಇಲ್ಲಿ ಕನ್ನಡಿಯಲ್ಲಿ ಕಣ್ಣು, ಅಲ್ಲೂ ಕನ್ನಡಿಯಲ್ಲಿ ಕಣ್ಣು. ಇಲ್ಲಿ ಗೇರಿನ ಮೇಲೆ ಕೈ, ಕೈಯ ಮೇಲೆ ಕೈ, ಅಲ್ಲೂ ಅದೇ. ಮೇಲೆ ದಪ್ಪಕ್ಷರದ ತಲೆಬರಹ: “ಮುದುಕನನ್ನು ಮುದುಕಿ ಮಾಡಿದರೆ ಸಿನಿಮಾ ನಿಮ್ಮದಾಗುತ್ತದೆಯೇ?”

ಅಷ್ಟು ಸಾಕಾಯಿತು. ಎರಡೂ ಸಿನಿಮಾ ನೋಡಿರದ ಜನವೆಲ್ಲ ಕದ್ದ ಮಾಲು, ಕಾಪಿ ಹೊಡೆದವಳು ಎಂದು ಬರೆಯತೊಡಗಿದರು. ಗಾಬರಿಯಲ್ಲಿ ನಮ್ಮ ನಿರ್ದೇಶಕಿ ಹುಡುಗಿ ಆ ಲೇಖನದ ಕೆಳಗೆ ಒಂದು ಸಾಲು ಉತ್ತರ ಹಾಕಿದಳು: “ಆ ಸಿನಿಮಾ ನಾನು ನೋಡಿಯೇ ಇಲ್ಲ.” ಆಮೇಲೆ ಫೋನು ಆಫ್ ಮಾಡಿ ಕೋಣೆ ಸೇರಿಕೊಂಡಳು. ಚಿತ್ರ ಸಂಘದ ಕಾರ್ಯದರ್ಶಿ ಪ್ರದರ್ಶನ ಮುಂದೂಡಿದ್ದೇವೆ ಎಂದು ಎಲ್ಲರಿಗೂ ತಿಳಿಸಿದರು. ಯಾವತ್ತಿಗೆ ಎಂದು ಮಾತ್ರ ತಿಳಿಸಲಿಲ್ಲ.

ಕ್ಲಚ್ಚಕ್ಕ ಅವತ್ತಿನ ಪಾಠಗಳನ್ನು ಮುಗಿಸಿ ನೇರ ಹುಡುಗಿಯ ಕೋಣೆಗೆ ಹೋದಳು. ಕಿಟಕಿಗೆ ಪರದೆ ಎಳೆದು, ಕಂಪ್ಯೂಟರಿನಲ್ಲಿ ಯಾವುದೋ ಸೋಫಾದ ಜಾಹೀರಾತು ಕತ್ತರಿಸುತ್ತ ಕೂತಿದ್ದಳು ಹುಡುಗಿ. ಕಣ್ಣು ಊದಿಕೊಂಡಿದ್ದವು.

“ಏಳು,” ಅಂದಳು ಕ್ಲಚ್ಚಕ್ಕ. “ಮನೆಗೆ ಬಾ. ಆ ಸಿನಿಮಾನೂ ತಗೊಂಡು ಬಾ.”

“ಯಾಕಕ್ಕಾ?”

“ಯಾಕೆ ಅಂದ್ರೆ? ನಿನ್ನ ಪರವಾಗಿ ನಾನು ಜಗಳ ಆಡ್ಬೇಕು. ಏನು ಅಂತ ನೋಡದೆ ಹೇಗೆ ಆಡ್ಲಿ?”

ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಮೂವರು ಹೆಂಗಸರೂ ಆ ಪರದೇಶದ ಸಿನಿಮಾ ನೋಡಿದರು. ಕೆಳಗೆ ಬರುವ ಅಕ್ಷರಗಳು ಅತ್ತೆಯ ಕಣ್ಣಿಗೆ ಸಿಗದಷ್ಟು ಬೇಗ ಓಡುತ್ತಿದ್ದವು. ಕ್ಲಚ್ಚಕ್ಕ ಅವನ್ನು ಗಟ್ಟಿಯಾಗಿ ಹೇಳುತ್ತಾ ಹೋದಳು. ಗಂಡ ಬಾಗಿಲಿಗೆ ಒರಗಿ ನಿಂತೇ ನೋಡಿದರು. ವೈಪರ್ ಆಡಿದಾಗ ಅತ್ತೆ ಕುರ್ಚಿ ಮುಂದಕ್ಕೆ ಎಳೆದುಕೊಂಡರು. ಮುದುಕ ಹೆಂಡತಿಯ ಸಮಾಧಿಯ ತನಕ ಒಬ್ಬನೇ ಕಾರು ಓಡಿಸಿಕೊಂಡು ಹೋದಾಗ ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು.

“ಪಾಪ, ಅವನಿಗೂ ಹೀಗೇ ಆಗಿದೆ ನೋಡು,” ಅಂದರು. “ಎಲ್ಲಿಯ ಅವನು, ಎಲ್ಲಿಯ ನಾನು. ಅವನ್ನ ನೋಡಿ ನಾನು ವೈಪರ್ ಹಾಕಿದ್ನಾ? ನನ್ನ ನೋಡಿ ಅವನು ಹಾಕಿದ್ನಾ?”

ಸಿನಿಮಾದ ಕೊನೆಯಲ್ಲಿ ಮಾವ, ಅಳಿಯ ಇಬ್ಬರೂ ಕಾರಿನಿಂದ ಇಳಿದು ಹೋಗುತ್ತಾರೆ. ಕ್ಯಾಮೆರಾ ಮಾತ್ರ ಖಾಲಿ ಕಾರಿನೊಳಗೇ ಉಳಿಯುತ್ತದೆ. ಯಾರೋ ಬಾಗಿಲು ಸರಿಯಾಗಿ ಹಾಕಿಲ್ಲ. ಟಿಂಗ್ ಟಿಂಗ್ ಎಂದು ಕಾರು ಎಚ್ಚರಿಸುತ್ತಲೇ ಇರುತ್ತದೆ. ಗಾಜಿನಾಚೆ ಇಬ್ಬರೂ ಚಿಕ್ಕದಾಗುತ್ತ ಹೋಗುತ್ತಾರೆ. ಅದನ್ನು ನೋಡುತ್ತಿದ್ದಂತೆ ಕ್ಲಚ್ಚಕ್ಕನ ಬೆನ್ನು ನೆಟ್ಟಗಾಯಿತು.

“ಇದು ನಿನ್ನ ಸಿನಿಮಾದಲ್ಲೂ ಇದೆ,” ಅಂದಳು. “ಕೊನೇಲಲ್ಲ, ನಡುವೆ. ನಾವು ಜಗಳ ಆಡಿ ಇಳಿದು ಹೋಗೋ ಕಡೆ. ಆದ್ರೆ ನಿಜವಾಗಿ ಅವತ್ತು ನಾವು ಇಳಿಯಲೇ ಇಲ್ಲ. ಇದು ನಮ್ಮದಲ್ಲ.”

ಹುಡುಗಿ ತಲೆ ತಗ್ಗಿಸಿದಳು. “ಅಲ್ಲ ಅಕ್ಕ.”

“ನೋಡಿಯೇ ಇಲ್ಲ ಅಂತ ಬರೆದಿದ್ದೆ?”

“ಕಾಲೇಜಲ್ಲಿದ್ದಾಗ ನೋಡಿದ್ದೆ. ಒಂದೇ ಸಲ. ಮಿಕ್ಕದ್ದೆಲ್ಲ ಮರೆತೇಹೋಗಿತ್ತು. ಮಾವ, ಅಳಿಯ, ವೈಪರು ಯಾವುದೂ ನೆನಪಿರಲಿಲ್ಲ, ಆಣೆ ಮಾಡಿ ಹೇಳ್ತೀನಿ. ಆದ್ರೆ ಈ ಖಾಲಿ ಕಾರು ಮಾತ್ರ ಕಣ್ಣಲ್ಲಿ ಕೂತುಬಿಟ್ಟಿತ್ತು. ಶೂಟಿಂಗ್ ಮಾಡುವಾಗ ಗೊತ್ತಿದ್ದೇ ತಗೊಂಡೆ. ಆ ಲೇಖನ ನೋಡಿದ್ದೇ ಭಯ ಆಯ್ತು, ಸುಳ್ಳು ಬರೆದುಬಿಟ್ಟೆ.”

ಬಾಗಿಲಲ್ಲಿ ನಿಂತಿದ್ದ ಗಂಡ ಅಪರೂಪಕ್ಕೆ ಬಾಯಿ ತೆರೆದರು. “ಅದನ್ನ ಯಾರೂ ಕೇಳಿಲ್ಲವಲ್ಲ. ಭೂತಗನ್ನಡಿಯ ಕಣ್ಣಿಗೂ ಬಿದ್ದಿಲ್ಲ. ಸುಮ್ನಿದ್ರೆ ಸುಮ್ನಾಗುತ್ತೆ.”

ಕ್ಲಚ್ಚಕ್ಕ ಎದ್ದು ಅಡಿಗೆಮನೆಗೆ ಹೋಗಿ ಒಂದು ಲೋಟ ನೀರು ಕುಡಿದು ಬಂದಳು. ಸಿಟ್ಟು ಬಂದಾಗ ಅವಳು ಮಾಡುತ್ತಿದ್ದದ್ದು ಅದೊಂದೇ. ಬಂದವಳು ಹುಡುಗಿಯ ಎದುರು ಕೂತಳು.

“ನೋಡು, ನಿನಗೋಸ್ಕರ ಯಾರ ಹತ್ರ ಬೇಕಾದ್ರೂ ವಾದ ಮಾಡ್ತೀನಿ. ಆದ್ರೆ ಸುಳ್ಳಿನ ಮೇಲೆ ನಿಂತುಕೊಂಡು ನನಗೆ ಗಟ್ಟಿಯಾಗಿ ಮಾತಾಡೋಕೆ ಬರಲ್ಲ, ದನಿ ಒಡೆಯುತ್ತೆ. ನೀನೇ ಹೇಳ್ಬೇಕು, ಎಲ್ಲರ ಮುಂದೆ. ಆಮೇಲಿಂದು ನನಗೆ ಬಿಡು.”

“ಹೇಳಿದ್ರೆ ಎಲ್ಲಾನೂ ಕದ್ದದ್ದೇ ಅಂತಾರೆ ಅಕ್ಕ.”

“ಈಗ್ಲೂ ಅದನ್ನೇ ಅಂತಿದ್ದಾರಲ್ಲ. ಹೊಸದಾಗಿ ಏನು ಹೋಗುತ್ತೆ?”

ಅತ್ತೆ ಹುಡುಗಿಯ ಮೊಣಕೈ ಹಿಡಿದು ಅಲುಗಿಸಿದರು. “ಹೇಳೇ. ನಾನೂ ಮುಂದಿನ ಸಾಲಲ್ಲೇ ಕೂತಿರ್ತೀನಿ. ಯಾರು ಬೈತಾರೋ ನೋಡೋಣ.”

ಹುಡುಗಿ ಉಗುರು ಕಚ್ಚಿ, ಕೊನೆಗೆ ಹೂಂ ಅಂದಳು.

ಮರುದಿನ ಕ್ಲಚ್ಚಕ್ಕ ಕಾರ್ಯದರ್ಶಿಯವರನ್ನು ಹಿಡಿಯಲು ಹೋದಳು. ಅವರದು ಬಣ್ಣದ ಅಂಗಡಿ. ನೆಲದಿಂದ ಸೂರಿನ ತನಕ ಡಬ್ಬಿಗಳು, ಬಣ್ಣ ಕಲಸುವ ಯಂತ್ರದ ಗಡಗಡ. ಕಾರ್ಯದರ್ಶಿಯವರ ಕನ್ನಡಕದ ಮೇಲೂ ಒಂದು ಹಸಿರು ಚುಕ್ಕೆ ಒಣಗಿತ್ತು. ಇವಳನ್ನು ಕಂಡದ್ದೇ ಅವರಿಗೆ ವಿಷಯ ಗೊತ್ತಾಯಿತು.

“ಅಕ್ಕಾ, ನಾನೊಬ್ಬನೇ ತೀರ್ಮಾನ ಮಾಡಿದ್ದಲ್ಲ. ಸಂಘದ ಹೆಸರಿನ ಪ್ರಶ್ನೆ. ಎರಡೂ ಒಂದೇ ಥರ ಇದ್ದಾವೆ ಅಂತ ಜನ ಅಂತಿದ್ದಾರೆ.”

“ನೀವು ಎರಡೂ ನೋಡಿದ್ದೀರಾ?”

“ಇದನ್ನ ನೋಡಿದ್ದೀನಿ. ಅದರ ಫೋಟೋ ನೋಡಿದ್ದೀನಿ.”

“ನಿಮ್ಮ ಅಂಗಡೀಲಿ ಬಿಳೀ ಬಣ್ಣನೇ ಎಷ್ಟು ಥರ ಇದೆ? ಗಿರಾಕಿ ಕೇಳಿದ್ರೆ ಬಿಳಿ ಬಿಳಿ ಎಲ್ಲಾ ಒಂದೇ ಅಂತ ಕೈಗೆ ಸಿಕ್ಕಿದ ಡಬ್ಬಿ ಕೊಟ್ಟು ಕಳಿಸ್ತೀರಾ?”

ಕಾರ್ಯದರ್ಶಿ ನಕ್ಕರು. “ಹಾಗೆ ಕೊಟ್ರೆ ಗೋಡೆ ಸಮೇತ ವಾಪಸ್ ತರ್ತಾರೆ.”

“ಹಾಗಾದ್ರೆ ಇದಕ್ಕೂ ಅಷ್ಟೇ ಮರ್ಯಾದೆ ಕೊಡಿ. ಎರಡನ್ನೂ ಒಂದೇ ದಿನ ತೋರ್ಸಿ. ಬೆಳಗ್ಗೆ ಅದು, ಮಧ್ಯಾಹ್ನ ಇದು. ಬೈದವರನ್ನೂ ಕರೀರಿ, ಭೂತಗನ್ನಡಿಯವರನ್ನಂತೂ ಕರೀಲೇಬೇಕು. ನೋಡಿಯಾದ ಮೇಲೆ ಬೈಯೋರು ಬೈಲಿ.”

“ನೋಡಿದ ಮೇಲೂ ಕಾಪಿ ಅಂದ್ರೆ?”

“ಅಂದ್ರೆ ಅಂದ್ರು. ನೋಡಿ ಬೈದ್ರು ಅನ್ನೋ ಸಮಾಧಾನ ಇರುತ್ತೆ.” ಆಮೇಲೆ ಒಂದು ಕ್ಷಣ ತಡೆದು ಹೇಳಿದಳು, “ಇನ್ನೊಂದು ಮಾತು. ಆ ಹುಡುಗಿ ಶುರುವಿನಲ್ಲೇ ಏನೋ ಹೇಳೋದಿದೆ. ಅದನ್ನ ಕೇಳಿ ನೀವು ಹೆದರಿಕೊಂಡು ಲೈಟ್ ಹಾಕಿಸಿ ಪ್ರದರ್ಶನ ನಿಲ್ಲಿಸಬಾರದು.”

ಪ್ರದರ್ಶನ ಭಾನುವಾರ ಬೆಳಗ್ಗೆ. ಸಂಘದ ಸಭಾಂಗಣದಲ್ಲಿ ಎಂದೂ ತುಂಬದ ಹಿಂದಿನ ಸಾಲುಗಳೂ ತುಂಬಿದ್ದವು. ಸಿನಿಮಾ ನೋಡಲು ಬಂದವರಿಗಿಂತ ಗಲಾಟೆ ನೋಡಲು ಬಂದವರೇ ಹೆಚ್ಚು ಎಂದು ನನಗನ್ನಿಸಿತು. ಕ್ಲಚ್ಚಕ್ಕನ ಹಳೇ ವಿದ್ಯಾರ್ಥಿಗಳದ್ದೇ ಒಂದು ದಂಡು ಬಂದಿತ್ತು. ಭೂತಗನ್ನಡಿ ನಡುವಿನ ಸಾಲಿನಲ್ಲಿ, ಮಡಿಲಲ್ಲಿ ಪ್ಯಾಡ್ ಇಟ್ಟುಕೊಂಡು ಹೆಂಡತಿಯ ಪಕ್ಕ ಕೂತಿದ್ದರು. ಅತ್ತೆ ಮಾತಿಗೆ ತಪ್ಪದೆ ಮುಂದಿನ ಸಾಲು ಹಿಡಿದಿದ್ದರು.

ಹುಡುಗಿ ವೇದಿಕೆ ಹತ್ತಿದಳು. ಮೈಕು ಹಿಡಿದಳು, ಮಾತು ತಡವರಿಸಲಿಲ್ಲ.

“ಈಗ ತೋರಿಸೋ ಈ ಪರದೇಶದ ಸಿನಿಮಾ ನೋಡಿಯೇ ಇಲ್ಲ ಅಂತ ಬರೆದಿದ್ದೆ. ಅದು ಸುಳ್ಳು. ಒಂದು ಸಲ ನೋಡಿದ್ದೆ. ಇದರ ಕೊನೇ ಶಾಟನ್ನ ನನ್ನ ಸಿನಿಮಾದ ನಡುವೆ ನಾನು ಬೇಕಂತಲೇ ಇಟ್ಟಿದ್ದೀನಿ. ಅದು ಅವರದ್ದು. ಟೈಟಲ್‌ನಲ್ಲಿ ಹೇಳ್ಬೇಕಿತ್ತು, ಹೇಳಲಿಲ್ಲ. ಇನ್ಮುಂದೆ ಹೇಳ್ತೀನಿ. ಮಿಕ್ಕದ್ದು ನನ್ನದು. ನೋಡಿ.”

ಸಭಾಂಗಣ ಗುಜುಗುಜು ಅಂದಿತು. “ಸಿಕ್ಕಿಬಿದ್ಲಲ್ಲ!” ಎಂದು ಹಿಂದಿನಿಂದ ಯಾರೋ ಕೂಗಿದರು. ಅತ್ತೆ ಕುರ್ಚಿಯಲ್ಲೇ ಹೊರಳಿ ಆ ಕಡೆ ಒಂದು ನೋಟ ಬಿಟ್ಟರು. ಕೂಗಿದವನು ಕೆಮ್ಮಿದ. ಕಾರ್ಯದರ್ಶಿಯ ಕೈ ಲೈಟಿನ ಗುಂಡಿಯ ಹತ್ತಿರ ಹೋದದ್ದನ್ನು ನಾನು ಕಂಡೆ, ಕ್ಲಚ್ಚಕ್ಕನೂ ಕಂಡಳು. ಕೈ ವಾಪಸ್ ಬಂತು. ಸಿನಿಮಾ ಶುರುವಾಯಿತು.

ಎರಡೂ ಮುಗಿದಾಗ ಸಂಜೆಯ ಬಿಸಿಲು ಕಿಟಕಿಗೆ ಬಂದಿತ್ತು. ಗಲಾಟೆಗೆ ಬಂದವರೂ ಎದ್ದು ಹೋಗಿರಲಿಲ್ಲ. ಮೊದಲು ಎದ್ದವರು ಭೂತಗನ್ನಡಿ. ಅವರ ದನಿಯಲ್ಲಿ ಗೆದ್ದೆನೆಂಬ ಹಮ್ಮಿರಲಿಲ್ಲ.

“ಖಾಲಿ ಕಾರಿನ ಶಾಟ್ ನಾನು ಗಮನಿಸಿಯೇ ಇರಲಿಲ್ಲ. ಆಕೆ ತಾನಾಗಿ ಹೇಳಿದ್ದನ್ನ ಮೆಚ್ಚಿಕೊಳ್ತೀನಿ. ಆದ್ರೆ ಒಂದು ಪ್ರಶ್ನೆ ಕೇಳಲೇಬೇಕು. ಒಂದು ಸಲ ಸುಳ್ಳು ಹೇಳಿದವರನ್ನ ಮಿಕ್ಕದ್ದರಲ್ಲಿ ನಂಬೋದು ಹೇಗೆ? ವೈಪರ್ ದೃಶ್ಯನೂ ಹಾಗೇ ಬಂದಿರಬಹುದಲ್ಲ?”

ಹುಡುಗಿ ಉತ್ತರಿಸಲು ಬಾಯಿ ತೆರೆದಳು. ಅಷ್ಟರಲ್ಲಿ ಕ್ಲಚ್ಚಕ್ಕ ಎದ್ದು ನಿಂತಿದ್ದಳು. ಮೈಕು ಕೊಡಲು ಬಂದವನನ್ನು ಬೇಡ ಎಂದು ಕೈಸನ್ನೆ ಮಾಡಿದಳು.

“ಅವಳನ್ನ ನಂಬಬೇಡಿ ಸಾರ್. ನಂಬಿ ಅಂತ ನಾನು ಹೇಳೋಕೆ ಬಂದಿಲ್ಲ. ಈಗ ತಾನೇ ಎರಡೂ ನೋಡಿದ್ರಲ್ಲ, ನಿಮ್ಮ ಕಣ್ಣನ್ನೇ ನಂಬಿ. ವೈಪರ್ ವಿಷಯಕ್ಕೆ ಬಂದ್ರೆ...” ಸುತ್ತ ತಿರುಗಿ ಜನರನ್ನು ನೋಡಿದಳು. “ಇಲ್ಲಿ ಕಾರು ಕಲಿತವರು ಎಷ್ಟು ಜನ ಇದ್ದೀರಿ? ಕಲಿಯುವಾಗ ಇಂಡಿಕೇಟರ್ ಅಂತ ವೈಪರ್ ಹಾಕಿದವರು ಕೈ ಎತ್ತಿ.”

ಮೊದಲು ಅವಳ ಶಿಷ್ಯರ ಕೈಗಳು ಎದ್ದವು, ನನ್ನದೂ ಸೇರಿ. ಆಮೇಲೆ ಉಳಿದವರದ್ದು. ಸಾಲು ಸಾಲಿಗೆ ಕೈಗಳು. ಭೂತಗನ್ನಡಿಯ ಹೆಂಡತಿ ಗಂಡನ ಪಕ್ಕೆಗೆ ತಿವಿದರು. “ನೀವೂ ಎತ್ತಿ. ಅವತ್ತು ನಾನು ಪಕ್ಕದಲ್ಲೇ ಕೂತಿದ್ದೆ.” ಅವರು ನಕ್ಕು, ನಿಂತಲ್ಲೇ ಕೈ ಎತ್ತಿದರು. ಸಭೆಯೂ ನಕ್ಕಿತು.

“ಸರಿ, ವೈಪರ್ ಬಿಟ್ಟೆ,” ಅಂದರು. “ಆದ್ರೂ ಕತೆಯ ಚೌಕಟ್ಟು ಒಂದೇ. ಗಂಡನೋ ಹೆಂಡ್ತಿಯೋ ಸತ್ತಿದ್ದಾರೆ. ವಯಸ್ಸಾದವರು ಕಾರು ಕಲೀತಾರೆ. ಕಲಿಸೋರು ಮಗನೂ ಅಲ್ಲ, ಮಗಳೂ ಅಲ್ಲ, ಹೊರಗಿಂದ ಮನೆಗೆ ಬಂದವರು.”

“ಚೌಕಟ್ಟು ಒಂದೇ. ಒಳಗಿರೋ ಜನ ಬೇರೆ,” ಅಂದಳು ಕ್ಲಚ್ಚಕ್ಕ. “ಆ ಮುದುಕರು ಕಲೀತಿರೋದು ಹೆಂಡ್ತಿ ಹತ್ರ ಹೋಗೋಕೆ. ನಮ್ಮ ಅತ್ತೆ ಎಲ್ಲಿಗೂ ಹೋಗೋಕೆ ಕಲಿತದ್ದಲ್ಲ. ಗಂಡನ ಪಕ್ಕದ ಸೀಟಿಂದ ಎದ್ದು ಬರೋಕೆ ಕಲಿತದ್ದು. ಅದೂ ಇದೂ ಒಂದೇನಾ? ಮತ್ತೆ ಆ ಅಳಿಯನ್ನ ನೋಡಿದ್ರಲ್ಲ. ಎಂಥಾ ತಾಳ್ಮೆ, ಎಂಥಾ ಮೆತ್ತಗಿನ ಮನುಷ್ಯ. ಇಡೀ ಸಿನಿಮಾದಲ್ಲಿ ಒಂದು ಸಲ ದನಿ ಏರಿಸಲ್ಲ. ಇವಳ ಸಿನಿಮಾದ ಸೊಸೆ ಹೇಗಿದ್ದಾಳೆ? ಬೇಕಂತಲೇ ಬ್ರೇಕ್ ಒತ್ತುತ್ತಾಳೆ, ಅತ್ತೆ ತಲೆ ಮುಂದಕ್ಕೆ ಮುಗ್ಗರಿಸಲಿ ಅಂತ. ಎದುರಿಗೆ ಏನೂ ಇಲ್ಲ, ನಾಯಿನೂ ಇಲ್ಲ, ಬೆಕ್ಕೂ ಇಲ್ಲ. ಆದ್ರೂ ಒತ್ತುತ್ತಾಳೆ. ಆಮೇಲೆ ‘ನಾಯಿ ಬಂತು ಅತ್ತೆ’ ಅಂತಾಳೆ. ಅದು ಆ ಸಿನಿಮಾದಲ್ಲಿ ಎಲ್ಲಿದೆ, ತೋರಿಸಿ ನೋಡೋಣ?”

ಭೂತಗನ್ನಡಿ ಪ್ಯಾಡಿನ ಹಾಳೆ ತಿರುವಿ ಹುಡುಕಿದರು. ಕ್ಲಚ್ಚಕ್ಕ ಮುಂದುವರಿಸಿದಳು.

“ಅದನ್ನ ಅವಳು ಎಲ್ಲಿಂದ ತಗೊಂಡ್ಲು ಗೊತ್ತಾ? ನನ್ನಿಂದ. ಆ ಸೊಸೆ ನಾನು. ಯಾರಿಗೂ ಗೊತ್ತಿಲ್ಲ ಅಂದ್ಕೊಂಡಿದ್ದೆ, ಹಿಂದೆ ಕೂತು ಇವಳು ನೋಡಿಬಿಟ್ಟಿದ್ಲು. ಸಿನಿಮಾದಲ್ಲಿ ಅದನ್ನ ಮೊದಲನೇ ಸಲ ನೋಡಿದಾಗ ನನಗೆ ಮುಖ ಎಲ್ಲಿ ಇಟ್ಕೊಳ್ಳೋದು ಅಂತ ಗೊತ್ತಾಗಲಿಲ್ಲ. ತೆಗಿ ಅಂತ ಹೇಳೋಕೆ ಹೊರಟವಳು ಹೇಳಲಿಲ್ಲ, ಯಾಕಂದ್ರೆ ಅದು ನಿಜ. ಇಷ್ಟು ಹತ್ತಿರದಿಂದ ಮನುಷ್ಯರನ್ನ ನೋಡೋ ಹುಡುಗಿಗೆ ಇನ್ನೊಬ್ಬರ ಸಿನಿಮಾ ಕದಿಯೋ ಹಣೆಬರಹ ಏನಿದೆ ಹೇಳಿ?”

ಅವಳ ದನಿ ಒಡೆಯಲಿಲ್ಲ. ಕಿವಿಗಳು ಮಾತ್ರ ಕೆಂಪಾಗಿದ್ದವು. ಸಭಾಂಗಣದಲ್ಲಿ ಎಲ್ಲರ ಕಣ್ಣೂ ಮುಂದಿನ ಸಾಲಿನತ್ತ ತಿರುಗಿದವು. ಅತ್ತೆ ತಿರುಗಿ ಸೊಸೆಯನ್ನು ನೋಡುತ್ತಿದ್ದರು.

“ನಾಯಿ ಇರಲಿಲ್ಲ ಅಂತ ನನಗೆ ಅವತ್ತೇ ಗೊತ್ತಿತ್ತು ಕಣೇ,” ಅಂದರು. “ನಾನೇನು ಕುರುಡಿನಾ? ನೀನೇ ತಾನೇ ಕೆಳಗಿನ ಅಂಗಡೀಲಿ ಕನ್ನಡಕ ಮಾಡಿಸಿಕೊಟ್ಟದ್ದು.”

ಸಭೆ ನಕ್ಕ ನಗುವಿಗೆ ಸೂರು ಹಾರಿಹೋಗಬೇಕಿತ್ತು. ಭೂತಗನ್ನಡಿಯೂ ಮನಸಾರೆ ನಕ್ಕರು. ನಗು ಇಳಿದ ಮೇಲೆ ಅವರು ಪ್ಯಾಡ್ ಮಡಚಿದರು. “ಆ ಸಿನಿಮಾ ನಾನು ಬಹಳ ಹಿಂದೆ ನೋಡಿದ್ದು. ಲೇಖನಕ್ಕೆ ಅಂತ ಚಿತ್ರಗಳನ್ನಷ್ಟೇ ಹುಡುಕಿ ತೆಗೆದೆ. ಎರಡನ್ನೂ ಪೂರ್ತಿ ಒಟ್ಟಿಗೆ ನೋಡಿದ್ದು ಇವತ್ತೇ. ಬರೆದದ್ದನ್ನ ಅಳಿಸಲ್ಲ, ಅದರ ಕೆಳಗೆ ಇವತ್ತಿಂದು ಬರೀತೀನಿ,” ಎಂದು ಕೂತರು.

ಬರೆದರು ಕೂಡ. ತಲೆಬರಹ ಬದಲಾಗಲಿಲ್ಲ, ಅದರ ಕೆಳಗೆ ಉದ್ದನೆಯ ಇನ್ನೊಂದು ಬರಹ ಸೇರಿತು. ಒಂದು ಶಾಟು ಎರವಲು, ಅದನ್ನು ನಿರ್ದೇಶಕಿಯೇ ಒಪ್ಪಿದ್ದಾರೆ. ಉಳಿದದ್ದು ಅವರದ್ದೇ, ಮತ್ತು ಅದು ಚೆನ್ನಾಗಿದೆ ಎಂದಿತ್ತು. ಪೂರ್ತಿ ಓದದೆ ತಲೆಬರಹವನ್ನೇ ಹಂಚುವವರು ಈಗಲೂ ಇದ್ದಾರೆ. ಒಂದು ದೊಡ್ಡ ಚಿತ್ರೋತ್ಸವ ಆ ಕಾರಣಕ್ಕೇ “ಪಕ್ಕದ ಸೀಟು” ಬೇಡವೆಂದಿತು. ಹುಡುಗಿಗೆ ನೋವಾಯಿತು, ಆದರೆ ಕೋಣೆ ಸೇರಿಕೊಳ್ಳಲಿಲ್ಲ. ಟೈಟಲ್‌ನಲ್ಲಿ ಆ ಪರದೇಶದ ನಿರ್ದೇಶಕರಿಗೆ ಒಂದು ಸಾಲಿನ ಕೃತಜ್ಞತೆ ಹಾಕಿ, ನಾಲ್ಕಾರು ಊರುಗಳ ಸಣ್ಣ ಸಂಘಗಳಿಗೆ ತಾನೇ ಹೊತ್ತುಕೊಂಡು ಹೋಗಿ ತೋರಿಸಿದಳು. ಆ ನಿರ್ದೇಶಕರಿಗೂ ಎಲ್ಲವನ್ನೂ ವಿವರಿಸಿ ಬರೆದಳು. ಉತ್ತರ ಬರಲಿಲ್ಲ.

“ಬೇಜಾರಾ?” ಎಂದು ಕ್ಲಚ್ಚಕ್ಕ ಕೇಳಿದಳಂತೆ.

“ಸ್ವಲ್ಪ. ಅವರು ನನ್ನ ಸಿನಿಮಾ ನೋಡ್ಬೇಕು ಅಂತಿತ್ತು.”

“ನೋಡ್ತಾರೆ ಬಿಡು. ನೀನೂ ಅವರದ್ದನ್ನ ಎಷ್ಟೋ ವರ್ಷ ಆದ ಮೇಲೆ ನೋಡಿದ್ದು.”

ಮನೆಯಲ್ಲಿ ಅತ್ತೆ ಸೊಸೆಯ ನಡುವೆ ಆ ಭಾನುವಾರದ ಮಾತು ಮತ್ತೆ ಬರಲಿಲ್ಲ, ಬರುವ ಅಗತ್ಯವೂ ಇರಲಿಲ್ಲ. ಅತ್ತೆ ಈಗ ತಾವೇ ನೀಲಿ ಕಾರು ತೆಗೆದುಕೊಂಡು ತರಕಾರಿಗೆ ಹೋಗಿಬರುತ್ತಾರೆ. ಪಾರ್ಕಿಂಗ್ ಮಾತ್ರ ಇನ್ನೂ ಅಷ್ಟಕ್ಕಷ್ಟೆ. ಎರಡು ಕಾರಿನ ಜಾಗ ಬೇಕು.

ಕೆಲವು ವಾರ ಕಳೆದ ಮೇಲೆ ಒಂದು ಬೆಳಗ್ಗೆ ಕನ್ನಡಕದ ಅಂಗಡಿಯ ಮಹಡಿಗೆ ಹೊಸ ವಿದ್ಯಾರ್ಥಿನಿಯೊಬ್ಬರು ಹತ್ತಿ ಬಂದರು. ಭೂತಗನ್ನಡಿಯ ಹೆಂಡತಿ. ಕ್ಲಚ್ಚಕ್ಕ ಅವರನ್ನು ಬಿಳಿ ಕಾರಿನಲ್ಲಿ ಕೂರಿಸಿ, ಸೀಟು ಮುಂದಕ್ಕೆ ಎಳೆದು, ಕನ್ನಡಿ ಸರಿಮಾಡಿ, ಬೆಲ್ಟು ಹಾಕಿಸಿದಳು.

“ನಿಮ್ಮೆಜಮಾನ್ರು ಕಲಿಸೋಲ್ವಾ?” ಎಂದು ಕೇಳಿದಳು.

“ಕಲಿಸ್ತಾರೆ,” ಅಂದರು ಆಕೆ. “ಆದ್ರೆ ತಪ್ಪು ಎಣಿಸ್ತಾ ಕೂರ್ತಾರೆ.”

“ಹಾಗಾದ್ರೆ ಸರಿಯಾದ ಕಡೇನೇ ಬಂದಿದ್ದೀರಿ. ಹೂಂ, ಕ್ಲಚ್ ಒತ್ತಿ. ಪೂರ್ತಿ ಒತ್ತಿ. ಈಗ ಗೇರು.”